ಅಂತರ್ಜಾಲದ ತಳಪಾಯಕ್ಕೂ ಅನುದಾನ ಬೇಕು

ಮಾನ್ಯ ಸಂಪಾದಕರೇ,

ನಮ್ಮೂರಿನ ಸಾಹಿತ್ಯ ಸಂಘದ ಜಾಲತಾಣವನ್ನು ಬಿಡುವಿದ್ದಾಗ ನೋಡಿಕೊಳ್ಳುವವನು ನಾನು. ಕಳೆದ ತಿಂಗಳು ಬೆಳಿಗ್ಗೆ ಆರಕ್ಕೇ ಹಿರಿಯ ಸದಸ್ಯರೊಬ್ಬರ ಫೋನು: 'ಏನಪ್ಪಾ, ನಮ್ ಸೈಟ್ ತೆಗೆದ್ರೆ ಕಳ್ಳರವ್ರೆ ಹುಷಾರು ಅಂತ ಬತ್ತದಲ್ಲ!' ನೋಡಿದರೆ ತಾಣ ಅಸಲಿ ಎಂದು ಬ್ರೌಸರ್‌ಗೆ ಸಾರುವ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿತ್ತು. ತಪ್ಪು ನನ್ನದೇ. ತಾನಾಗಿ ನವೀಕರಣವಾಗುವಂತೆ ಮಾಡಿಟ್ಟಿದ್ದು ಕೈಕೊಟ್ಟಿತ್ತು, ನಾನು ಗಮನಿಸಿರಲಿಲ್ಲ. ಒಂದು ಸಾಲು ಟೈಪ್ ಮಾಡಿದೆ, ಹೊಸ ಪತ್ರ ಬಂತು. ದುಡ್ಡು ಒಂದು ಪೈಸೆಯೂ ಇಲ್ಲ.

ಮೊದಲು ಇದಕ್ಕಾಗಿಯೇ ವರ್ಷವರ್ಷವೂ ಖಜಾಂಚಿಯ ಮುಂದೆ ನಿಲ್ಲಬೇಕಿತ್ತು. 2015ರ ಕೊನೆಯಲ್ಲಿ ಈ ಪತ್ರವನ್ನು ಪುಕ್ಕಟೆ ಕೊಡುವ 'ಲೆಟ್ಸ್ ಎನ್‌ಕ್ರಿಪ್ಟ್' ಸೇವೆ ಎಲ್ಲರಿಗೂ ತೆರೆದ ಮೇಲೆ ಆ ತಾಪತ್ರಯ ತಪ್ಪಿತು. ಅದನ್ನು ನಡೆಸುತ್ತಿರುವುದು ಕ್ಯಾಲಿಫೋರ್ನಿಯಾದ ಒಂದು ಲಾಭರಹಿತ ಸಂಸ್ಥೆ.

ಇಂಥ ಕೆಲಸಕ್ಕೆ ಹಣ ಹಾಕುವವರು ಕಡಿಮೆ. ಮಾಹಿತಿಯನ್ನು ಗುಟ್ಟಾಗಿ ಸಾಗಿಸಲು ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತಲ್ಲ, ಆಗ ತಿಳಿದದ್ದು: ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನಮ್ಮೂರ ಗಣೇಶೋತ್ಸವದ ಚಂದಾ ಅದಕ್ಕಿಂತ ಹೆಚ್ಚಾದೀತು.

ನೆದರ್ಲೆಂಡ್ಸ್‌ನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. 1989ರಲ್ಲಿ ಹುಟ್ಟಿದ ಅಲ್ಲಿನ ಎನ್‌ಎಲ್‌ನೆಟ್ ಪ್ರತಿಷ್ಠಾನ ಮೊದಲು ಇಂಟರ್ನೆಟ್ ಸಂಪರ್ಕ ಕೊಡುತ್ತಿತ್ತು. 1997ರಲ್ಲಿ ಆ ವ್ಯಾಪಾರವನ್ನು ಯುಯುನೆಟ್ ಎಂಬ ಅಮೆರಿಕದ ಕಂಪನಿಗೆ ಮಾರಿ, ಬಂದ ದುಡ್ಡನ್ನು ಜಾಲ ತಂತ್ರಜ್ಞಾನದ ಮುಕ್ತ ಸಂಶೋಧನೆಗೆ ಇಟ್ಟಿತು. 1999ರಲ್ಲಿ ಅದರಿಂದಲೇ ಎನ್‌ಎಲ್‌ನೆಟ್ ಲ್ಯಾಬ್ಸ್ ಹುಟ್ಟಿತು.

ಆ ಲ್ಯಾಬ್ ಮಾಡಿದ ಒಂದು ಕೆಲಸ ಹೇಳುತ್ತೇನೆ. ನಾವು ಬರೆಯುವ ವಿಳಾಸಗಳನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆಯ ನೆತ್ತಿಯ ಮೇಲೆ ಮೂಲ ಸರ್ವರ್‌ಗಳಿವೆ. ಅವುಗಳಲ್ಲಿ ಬೈಂಡ್ ಎಂಬ ಒಂದೇ ತಂತ್ರಾಂಶದ ಪಾರುಪತ್ಯ ನಡೆದಿತ್ತು. ಅದರಲ್ಲೊಂದು ಗಂಭೀರ ದೋಷ ಸಿಕ್ಕರೆ ಸಾಲಾಗಿ ಎಲ್ಲವೂ ಮಲಗಬೇಕು. ಪನಾಮಾ ರೋಗಕ್ಕೆ ರಸಬಾಳೆ ತೋಟಗಳು ಬರಿದಾದದ್ದನ್ನು ಕಂಡ ನಂಜನಗೂಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಬ್‌ನವರು ಎನ್‌ಎಸ್‌ಡಿ ಎಂಬ ಬೇರೆಯದೇ ತಂತ್ರಾಂಶವನ್ನು ಮೊದಲಿನಿಂದ ಬರೆದರು. 2003ರಲ್ಲಿ ಆ ಮೂಲ ಸರ್ವರ್‌ಗಳಲ್ಲೊಂದಾದ ಕೆ-ರೂಟ್ ಅದಕ್ಕೆ ಬದಲಾಯಿತು. ಇದರಲ್ಲಿ ಮಾರುವ ಸರಕಿಲ್ಲ, ಜಾಹೀರಾತಿಲ್ಲ. ಯಾವ ಹೂಡಿಕೆದಾರ ಇದಕ್ಕೆ ದುಡ್ಡು ಹಾಕುತ್ತಿದ್ದ?

ನಮ್ಮ ರಾಜ್ಯದ 'ಎಲಿವೇಟ್' ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಸಂತೋಷ. ಆದರೆ ಅದು ಸ್ಟಾರ್ಟಪ್‌ಗಳಿಗೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಮುಕ್ತ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ) ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿತು. ಖಾಸಗಿಯವರಿಗೆ ಹೊಳೆದದ್ದು ವಿಧಾನಸೌಧಕ್ಕೂ ಹೊಳೆಯಬಾರದೇ? ದೊಡ್ಡ ಮೊತ್ತವೇನೂ ಬೇಡ. ಎನ್‌ಎಲ್‌ನೆಟ್ ಮೊದಲ ಸಲ ಕೊಡುವುದು 5,000ದಿಂದ 50,000 ಯೂರೋ ಅಷ್ಟೆ, ಅದೂ ಒಪ್ಪಿಕೊಂಡ ಒಂದೊಂದು ಹಂತ ಮುಗಿದಂತೆ. ಮಾಡಿದ್ದೆಲ್ಲ ಮುಕ್ತ ಪರವಾನಗಿಯಡಿ ಇರಬೇಕು. ಐಟಿ-ಬಿಟಿ ಇಲಾಖೆ ಇದೇ ಕ್ರಮವನ್ನು ಎತ್ತಿಕೊಳ್ಳಬಹುದು. ಅರ್ಜಿ ಮಾತ್ರ ಎರಡು ಪುಟ ದಾಟದಿರಲಿ.

ಕೆಲಸವೇನೂ ಕಡಿಮೆಯಿಲ್ಲ. ಕನ್ನಡದಲ್ಲೇ ಜಾಲತಾಣದ ವಿಳಾಸ ಬರೆಯಲು .ಭಾರತ ಡೊಮೇನ್ ಇದೆ. ಕನ್ನಡ ಅಕ್ಷರಗಳಲ್ಲೇ ಇಮೇಲ್ ವಿಳಾಸ ಇರಬಹುದೆಂಬ ಜಾಗತಿಕ ಮಾನದಂಡ 2012ರಲ್ಲೇ ಬಂದಿದೆ. ಅಂಥ ವಿಳಾಸವನ್ನು ಆನ್‌ಲೈನ್ ಅರ್ಜಿಯೊಂದರಲ್ಲಿ ತುಂಬಿದೆ. 'ಸರಿಯಾದ ಇಮೇಲ್ ನಮೂದಿಸಿ' ಎಂದು ಕೆಂಪಕ್ಷರದಲ್ಲಿ ಬಂತು, ಅಚ್ಚಗನ್ನಡದಲ್ಲಿ. ಮೊದಲ ಅನುದಾನ ಇದನ್ನು ಸರಿಪಡಿಸುವವರಿಗೇ ಸಿಗಲಿ.

— ಓದುಗ, ನಂಜನಗೂಡು