ಮೊದಲು ಬ್ರೌಸರ್‌ನಲ್ಲಿ ತೆರೆಯಲಿ, ಆಪ್ ಆಮೇಲೆ: ಐಟಿ-ಬಿಟಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮದೇ ಮೊಬೈಲ್ ಓಎಸ್ (ಫೋನ್ ನಡೆಸುವ ಮೂಲ ತಂತ್ರಾಂಶ) ಬೇಕು ಅನ್ನೋ ಮಾತು ಆಗಾಗ ಎದ್ದೇಳುತ್ತದೆ. 2023ರಲ್ಲಿ ಐಐಟಿ ಮದ್ರಾಸ್ ಕಡೆಯಿಂದ ಭಾರೋಎಸ್ ಬಂದಾಗಲೂ ಎದ್ದಿತ್ತು. ಅದನ್ನು ಕಟ್ಟಿದ್ದು ಆಂಡ್ರಾಯ್ಡ್‌ನ ಮುಕ್ತ ಕೋಡ್ ಮೇಲೆಯೇ. ಹೊಸ ಓಎಸ್‌ಗೆ ದುಡ್ಡು ಕೊಡಿ ಅಂತ ನಾನು ಕೇಳುತ್ತಿಲ್ಲ. ಕೇಳೋದು ಅದಕ್ಕಿಂತ ಅಗ್ಗದ್ದು: ಸರ್ಕಾರದ ಸೇವೆಗಳು ಆಪ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯಲಿ.

ಮುಕ್ತ ವೆಬ್ ಮಾನದಂಡಗಳ ಮೇಲೆ, ಅಂದರೆ ಎಲ್ಲ ಬ್ರೌಸರ್‌ಗಳೂ ಪಾಲಿಸುವ, ಯಾರೊಬ್ಬರ ಸ್ವತ್ತೂ ಅಲ್ಲದ ನಿಯಮಗಳ ಮೇಲೆ, ನಡೆಯುವ ಫೋನ್ ನಮಗೆ ಹೊಸದಲ್ಲ. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಇದ್ದ ಇಂಟೆಕ್ಸ್ ಕ್ಲೌಡ್ ಎಫ್ಎಕ್ಸ್ 2014ರಲ್ಲಿ ಇಲ್ಲಿ 1,999 ರೂಪಾಯಿಗೆ ಬಂತು. ರ್‍ಯಾಮ್ ಬರೀ 128 ಎಂಬಿ, ನೆಟ್‌ವರ್ಕ್ 2ಜಿ. ನಿಧಾನ, ಅದರ ಮೇಲೆ ವಾಟ್ಸಾಪ್ ಇಲ್ಲ. ಯಾರು ತಗೋತಾರೆ? 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಆ ಫೋನ್‌ಗಳ ಕೆಲಸ ನಿಲ್ಲಿಸುವುದಾಗಿ ಹೇಳಿತು. ಅದೇ ಕೋಡ್‌ನಿಂದ ಕೀಪ್ಯಾಡ್ ಫೋನ್‌ಗಳಿಗಾಗಿ ಕೈಓಎಸ್ ಹುಟ್ಟಿತು. 2017ರಲ್ಲಿ 1,500 ರೂಪಾಯಿ ಡೆಪಾಸಿಟ್ ಕಟ್ಟಿ ಜನ ತಂದ ಜಿಯೋಫೋನ್ ಒಳಗೆ ಇದ್ದದ್ದು ಅದೇ. ಅದಕ್ಕೆ ವಾಟ್ಸಾಪ್ 2018ರಲ್ಲಿ ಬಂತು. 2024ರ ಜೂನ್‌ನಲ್ಲಿ ಹೊಸಬರಿಗೆ ಸಿಗೋದು ನಿಂತಿತು. ಆಪ್ ಕೊಡುವವರು ಕೈಬಿಟ್ಟರೆ ಫೋನ್ ಕಥೆ ಅಲ್ಲಿಗೇ ಮುಗೀತು.

ವಾಟ್ಸಾಪ್ ಏನು ಮಾಡಬೇಕು ಅಂತ ನೀವು ಹೇಳೋಕಾಗಲ್ಲ, ಸರಿ. ಆದರೆ ಸರ್ಕಾರದ ಸೇವೆ ಯಾವ ಫೋನ್‌ನಲ್ಲಿ ತೆರೆಯಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ ಅಲ್ವಾ?

ಬೆಳೆ ಸಮೀಕ್ಷೆಯನ್ನೇ ನೋಡಿ. ರೈತರೇ ತಮ್ಮ ಬೆಳೆ ದಾಖಲಿಸಲಿ ಅಂತ 2020ರಲ್ಲಿ ರಾಜ್ಯ ಸರ್ಕಾರ ಆಪ್ ತಂದಿತು. ಒಳ್ಳೆಯ ಯೋಚನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪ್ಲೇ ಸ್ಟೋರ್‌ನಿಂದ ಇಳಿಸಿಕೊಳ್ಳಬೇಕಾದ ಆಂಡ್ರಾಯ್ಡ್ ಆಪ್. ಹಳೇ ಫೋನ್‌ನಲ್ಲಿ ‘ಸ್ಟೋರೇಜ್ ಫುಲ್’ ಅಂತ ಬಂದರೆ ಮೊದಲು ಮದುವೆ ವಿಡಿಯೋ ಅಳಿಸಬೇಕು. ಕೀಪ್ಯಾಡ್ ಫೋನ್ ಇರುವವರು ಮಗನದೋ ಪಕ್ಕದ ಮನೆಯವರದೋ ಫೋನ್ ಕೇಳಬೇಕು. ಆ ಆಪ್ ಮಾಡುವ ಕೆಲಸವಾದರೂ ಏನು? ಸರ್ವೆ ನಂಬರ್ ಆರಿಸುವುದು, ಬೆಳೆ ನಮೂದಿಸುವುದು, ನಿಂತ ಜಾಗ ಗುರುತಿಸುವುದು, ಫೋಟೋ ಕಳುಹಿಸುವುದು. ಇಷ್ಟನ್ನೂ ಇವತ್ತು ಒಂದು ವೆಬ್ ಪುಟ ಮಾಡುತ್ತದೆ. ಫೋನ್ ಹಿಡಿದವರು ಅನುಮತಿ ಕೊಟ್ಟರೆ ಬ್ರೌಸರ್ ಲೊಕೇಶನ್ ಕೊಡುತ್ತದೆ, ಕ್ಯಾಮೆರಾ ತೆರೆಯುತ್ತದೆ. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ ಸರ್ವಿಸ್ ವರ್ಕರ್ ಅನ್ನೋ ಬ್ರೌಸರ್ ಸೌಲಭ್ಯದಿಂದ, ಮೊದಲೇ ಒಮ್ಮೆ ತೆರೆದಿದ್ದ ಪುಟ ಹಾಗೇ ತೆರೆಯುತ್ತದೆ. ತುಂಬಿದ ಮಾಹಿತಿ ಫೋನ್‌ನಲ್ಲೇ ಉಳಿಯುತ್ತದೆ, ಮನೆಗೆ ಬಂದು ಕಳುಹಿಸಬಹುದು. ಸುಳ್ಳು ಲೊಕೇಶನ್ ಹಾಕುತ್ತಾರೆ ಅಂತ ಇಲಾಖೆಯವರು ಹೇಳಬಹುದು. ಅದು ಆಪ್‌ನಲ್ಲೂ ಸಾಧ್ಯ ಸ್ವಾಮಿ.

ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲೇ ಹೀಗೆ ಬ್ರೌಸರ್‌ನಲ್ಲಿ ಆಪ್‌ನಂತೆ ನಡೆಯುವ ಅಂಗಡಿ ತೆರೆದಿತ್ತು. ಅಂದರೆ ಈ ಕೆಲಸ ಬಲ್ಲವರು ಊರಲ್ಲೇ ಇದ್ದಾರೆ.

ಎಲ್ಲವೂ ವೆಬ್‌ನಲ್ಲಿ ಆಗುತ್ತೆ ಅಂತ ನಾನು ಹೇಳಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ಬೇರೆ ತಂತ್ರಾಂಶವೇ ಬೇಕು. ಐಫೋನ್‌ನಲ್ಲಿ ವೆಬ್ ಆಪ್‌ಗಳಿಗೆ ನೋಟಿಫಿಕೇಶನ್ ಸಿಕ್ಕಿದ್ದೇ 2023ರಲ್ಲಿ. ಆಪಲ್, ಗೂಗಲ್‌ಗಳಿಗೆ ಅವಸರ ಯಾಕಿರುತ್ತೆ? ಆಪ್ ಸಿಗುವ ಅಂಗಡಿ ಅವರದು. 2022ರಲ್ಲಿ ಭಾರತದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಚಾರದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಸುಮ್ನೆ ಅಲ್ಲ. ಆದರೆ ದಂಡ ಹಾಕಿದ ಮಾತ್ರಕ್ಕೆ ಇನ್ನೊಂದು ಓಎಸ್ ಬದುಕುವುದಿಲ್ಲ. ಅದರಲ್ಲಿ ಪಹಣಿ, ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್ಲು ತೆರೆಯಬೇಕು. ಆಗ ಅಂಥ ಫೋನ್ ಮಾಡುವವರಿಗೂ ಧೈರ್ಯ ಬರುತ್ತದೆ.

ಇ-ಆಡಳಿತಕ್ಕೆ ಮುಕ್ತ ಮಾನದಂಡ ಬಳಸಬೇಕು ಅನ್ನುವ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ತಂದಿದೆ. ನೀವು ಟೆಂಡರ್‌ನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು: ಸೇವೆ ಮೊದಲು ಬ್ರೌಸರ್‌ನಲ್ಲಿ ಪೂರ್ತಿ ನಡೆಯಬೇಕು, ಆಪ್ ಬೇಕಿದ್ದರೆ ಆಮೇಲೆ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮುಂಚೆ 2.4 ಇಂಚಿನ ಕೀಪ್ಯಾಡ್ ಫೋನ್‌ನಲ್ಲಿ, ಬಾಣದ ಗುಂಡಿ ಒತ್ತುತ್ತಾ, ಕನ್ನಡದಲ್ಲಿ ಅರ್ಜಿ ತುಂಬಿ ತೋರಿಸಿ ಅನ್ನಿ. ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿದ್ದರೆ ವಾಪಸ್ ಕಳುಹಿಸಿ.

ಬರುವ ಮುಂಗಾರಿಗೆ ಒಂದು ತಾಲ್ಲೂಕಿನಲ್ಲಾದರೂ ಬೆಳೆ ಸಮೀಕ್ಷೆ ಹೀಗೆ ನಡೆಯಲಿ. ಕೃಷಿ ಸಚಿವರ ಜೊತೆ ಒಮ್ಮೆ ಕೂತು ಮಾತಾಡುತ್ತೀರಾ?

ಇಂತಿ,
ಬೆಂಗಳೂರಿನ ಒಬ್ಬ ವೆಬ್ ಡೆವಲಪರ್