ಮಗಳಿಗೊಂದು ಪತ್ರ: ಇನ್ಮೇಲೆ ಈಮೇಲ್ ನೀನೇ ಬರಿ

ಪುಟ್ಟಿ,

ನಿನ್ನೆ ಪ್ರಾಕ್ಟೀಸಿಂದ ಬಂದವಳು ಕಿಟ್ ಬ್ಯಾಗ್ ಬಾಗಿಲಲ್ಲೇ ಇಟ್ಟು ಊಟಾನೂ ಮಾಡದೆ ರೂಮ್ ಸೇರಿಬಿಟ್ಟೆ. ಅಮ್ಮನ ಹತ್ರ "ಸಾಫ್ಟ್‌ಬಾಲ್ ಟೀಮಲ್ಲಿ ಮೂರು ಜನಕ್ಕೆ ಕಾಲೇಜ್ ಕೋಚ್‌ಗಳು ಫೋನ್ ಮಾಡಿದಾರೆ, ನಂಗೆ ಒಬ್ರೂ ಮಾಡಿಲ್ಲ" ಅಂದ್ಯಂತೆ. ಎದುರಿಗೆ ಕೂತು ಹೇಳೋಕೆ ಹೋದ್ರೆ ನಾನು ಉಪದೇಶಕ್ಕೆ ಇಳೀತೀನಿ ನೀನು ಎದ್ದು ಹೋಗ್ತೀಯ, ಅದಕ್ಕೇ ಬರೀತಿದೀನಿ.

ಮೊದಲು ಆ ಫೋನ್ ವಿಷಯ. ಕಾಲೇಜ್ ಆಟದ ಮೇಲಿನ ಹಂತವಾದ ಡಿವಿಷನ್ 1ರ ಸಾಫ್ಟ್‌ಬಾಲ್ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ತನಕ ಹುಡುಗೀರ ಜೊತೆ ಮಾತಾಡೋ ಹಾಗಿಲ್ಲ, ಅಮೆರಿಕದ ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ಎನ್‌ಸಿಎಎ ರೂಲ್ ಅದು, ಅದಕ್ಕೇ ಆ ದಿನ ಆ ಮೂರು ಜನರ ಫೋನೂ ಒಟ್ಟಿಗೆ ರಿಂಗ್ ಆಗಿದ್ದು. ನೀನು ನೋಡ್ತಿರೋ ಡೆನಿಸನ್, ಕೆನ್ಯನ್, ಕೇಸ್ ವೆಸ್ಟರ್ನ್ ಕಾಲೇಜುಗಳೆಲ್ಲಾ ಡಿವಿಷನ್ 3, ಅಂದ್ರೆ ಮೂರನೇ ಹಂತ. ಅಲ್ಲಿಯ ಕೋಚ್‌ಗಳಿಗೆ ಈಮೇಲು ಫೋನಿಗೆಲ್ಲ ಆ ಥರ ತಾರೀಖಿನ ಕಟ್ಟೇ ಇಲ್ಲ, ಆದ್ರೆ ಅವರಿಗೆ ಊರೂರು ಸುತ್ತಿ ಹುಡುಗೀರನ್ನ ಹುಡುಕೋಕೆ ಅಷ್ಟು ಜನಾನೂ ಇಲ್ಲ ದುಡ್ಡೂ ಇಲ್ಲ. ಎಷ್ಟೋ ಕಡೆ ಒಬ್ಬರು ಹೆಡ್ ಕೋಚ್, ಜೊತೆಗೆ ಪಾರ್ಟ್ ಟೈಮ್ ಅಸಿಸ್ಟೆಂಟ್, ಅಷ್ಟೇ. ಅವರಿಗೆ ಮೊದಲು ನೀನೇ ಕಾಣಿಸ್ಕೋಬೇಕು ಕಂದಾ, ಕಾಯ್ತಾ ಕೂತ್ರೆ ಯಾರೂ ಬರಲ್ಲ.

ಇನ್ನೊಂದು ಮಾತು, ಇದು ನನ್ನದೇ ತಪ್ಪು. ಬೇಸಿಗೇಲಿ ನಿನ್ನ ಹೆಸರಲ್ಲಿ ಕೋಚ್‌ಗಳಿಗೆ ಹೋದ ಈಮೇಲೆಲ್ಲ ಬರೆದಿದ್ದು ನಾನು. ಒಬ್ಬರು ಕೋಚ್ ಕ್ಯಾಂಪಲ್ಲಿ ನಿನ್ನ ಮುಂದೇನೇ "ಇದನ್ನ ನಿಮ್ಮಪ್ಪ ಬರೆದಿದ್ದಾ?" ಅಂತ ಕೇಳಿದಾಗ ನಿನ್ನ ಮುಖ ಕೆಂಪಾಗಿದ್ದು ಈಗ್ಲೂ ಕಣ್ಣಲ್ಲಿದೆ. ಅದಕ್ಕೂ ಮುಂಚೆ ಮಕ್ಕಳ ಪರವಾಗಿ ಕಾಲೇಜ್ ಕೋಚ್‌ಗಳಿಗೆ ಬರೆಯೋ ಒಂದು ರಿಕ್ರೂಟಿಂಗ್ ಸರ್ವೀಸ್‌ನವರಿಗೆ ದುಡ್ಡು ಕಟ್ಟಿದ್ದೆ, ಅವರು ಒಂದೇ ಪ್ಯಾರಾನ ಕಾಲೇಜಿನ ಹೆಸರು ಮಾತ್ರ ಬದಲಾಯಿಸಿ ಎಲ್ಲರಿಗೂ ಕಳಿಸಿದ್ರು. ಅದರಲ್ಲಿ ಒಂದು ಕಾಲೇಜಲ್ಲಿ ಸಾಫ್ಟ್‌ಬಾಲ್ ಟೀಮೇ ಇರಲಿಲ್ಲ.

ದಾವಣಗೆರೆಯಲ್ಲಿ ನಾನು ಓದೋವಾಗ ಆಟ ಅಂದ್ರೆ ಸ್ಪೋರ್ಟ್ಸ್ ಕೋಟಾ, ಸರ್ಟಿಫಿಕೇಟ್ ತೋರಿಸಿದ್ರೆ ಸೀಟು, ತಲೇಲಿ ಅದೇ ಕೂತಿತ್ತು. ಇಲ್ಲಿ ಹಾಗಲ್ಲ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಒಂದು ಡಾಲರೂ ಕೊಡೋ ಹಾಗಿಲ್ಲ. ಸಿಗೋದೆಲ್ಲ ಓದಿಗೆ ಸಿಗೋ ಮೆರಿಟ್ ಏಡ್, ಇಲ್ಲಾ ನಮ್ಮ ಸಂಬಳ ನೋಡಿ ಕೊಡೋದು. ಮೊದಲು ಕೇಳಿದಾಗ ನನಗೆ ಬೇಜಾರಾಯ್ತು, ಈಗ ಅದೇ ಸಮಾಧಾನ: ನಾಳೆ ಮೊಣಕಾಲು ಕೈಕೊಟ್ಟು ನೀನು ಆಟ ಬಿಟ್ರೂ ಆ ಏಡ್ ಹೋಗಲ್ಲ. ಬ್ಯಾಟ್ ಮಾಡೋಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಬಾಲ್ ಹಿಡಿಯೋ ಕ್ಯಾಚರ್ ಮೊಣಕಾಲಿನ ಗತಿ ಏನು ಅಂತ ರಾತ್ರಿ ಐಸ್ ಪ್ಯಾಕ್ ಇಡೋನು ನಾನೇ ಅಲ್ವಾ. ಖರ್ಚಿನ ಲೆಕ್ಕ ನನಗೆ ಬಿಡು, ಪ್ರತಿ ಕಾಲೇಜಿನ ಸೈಟಲ್ಲೂ ಏಡ್ ಕಳೆದು ನಮಗೆ ಎಷ್ಟು ಬೀಳಬಹುದು ಅಂತ ತೋರಿಸೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇದೆ, ನಾನು ನೋಡ್ತೀನಿ.

ನೀನು ನೋಡಬೇಕಾಗಿರೋದು ರೋಸ್ಟರ್, ಅಂದ್ರೆ ಆ ಕಾಲೇಜ್ ಟೀಮಿನ ಹೆಸರುಪಟ್ಟಿ. ಹುಡುಗೀರ ಹೆಸರಿನ ಪಕ್ಕ ಯಾವ ವರ್ಷ, ಯಾವ ಪೊಸಿಷನ್ ಅಂತ ಇರತ್ತೆ. ನೀನು ಸೇರೋ ವರ್ಷಕ್ಕೆ ಅವರ ಇಬ್ಬರು ಕ್ಯಾಚರ್‌ಗಳೂ ಓದು ಮುಗಿಸಿ ಹೋಗ್ತಾರೆ ಅಂದ್ರೆ ಆ ಕೋಚ್ ನಿನ್ನ ಈಮೇಲ್ ಓದೇ ಓದ್ತಾರೆ. ಈಗಷ್ಟೇ ಫಸ್ಟ್ ಇಯರ್ ಕ್ಯಾಚರ್‌ಗಳು ಮೂರು ಜನ ಇದ್ರೆ ನೀನೆಷ್ಟೇ ಚೆನ್ನಾಗಿ ಆಡಿದ್ರೂ ಕಷ್ಟ, ಅದು ನಿನ್ನ ಬಗ್ಗೆ ತೀರ್ಪಲ್ಲ. ಬರೆಯೋವಾಗ ಮಾರ್ಕ್ಸು, ಏನು ಓದಬೇಕು ಅಂತಿದೀಯ, ಮುಂದಿನ ಮ್ಯಾಚ್ ಯಾವ ಫೀಲ್ಡಲ್ಲಿ ಎಷ್ಟು ಗಂಟೆಗೆ, ಅಷ್ಟು ಸಾಕು. ವಿಡಿಯೋ ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ, ಮ್ಯೂಸಿಕ್ ಬೇಡ. ನಿನ್ನ ಗ್ಲವ್ಸಿಗೆ ಬಾಲ್ ಬಿದ್ದಾಗಿಂದ ಸೆಕೆಂಡ್ ಬೇಸಲ್ಲಿರೋಳ ಗ್ಲವ್ಸು ಮುಟ್ಟೋವರೆಗೆ, ಆ 84 ಅಡಿ 10 ಇಂಚು ದೂರ, ಅದನ್ನ ಕಟ್ ಮಾಡದೆ ತೋರಿಸು, ಟೈಮ್ ಕೋಚ್‌ಗಳೇ ಹಿಡೀತಾರೆ.

ಕ್ಯಾಂಪಿಗೆ ಬಾ ಅಂತ ಬರೋ ಈಮೇಲ್ ಎಲ್ಲಾ ಕರೆಯೋಲೆ ಅಲ್ಲ. ಸಾವಿರಾರು ಮಕ್ಕಳಿಗೆ ಹೋಗತ್ತೆ ಅದು. ಕೋಚ್ ನಿನ್ನ ಮ್ಯಾಚ್ ಬಗ್ಗೆ ಏನಾದ್ರೂ ನಿರ್ದಿಷ್ಟವಾಗಿ ಬರೆದ್ರೆ, ಮಾರ್ಕ್ಸ್ ಕಾರ್ಡ್ ಕಳಿಸು ಅಂದ್ರೆ, ಆಗ ನಿಜವಾಗ್ಲೂ ಆಸಕ್ತಿ ಇದೆ ಅಂತ. ಓದಿನಲ್ಲಿ ಬಿಗಿಯಾಗಿರೋ ಕಾಲೇಜುಗಳಲ್ಲಿ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೇಲಿ ಕೋಚ್ ಆ ಮಾರ್ಕ್ಸ್ ಕಾರ್ಡನ್ನ ಅಡ್ಮಿಷನ್ ಆಫೀಸಿಗೆ ಕೊಟ್ಟು ಮೊದಲೇ ಓದಿಸ್ತಾರೆ, ಪ್ರೀ-ರೀಡ್ ಅಂತಾರೆ. ಅವರು ಪರವಾಗಿಲ್ಲ ಅಂದ ಮೇಲೇನೇ ಕೋಚ್ ನಿನ್ನ ಪರ ಮಾತಾಡೋದು, ಆಮೇಲೆ ಅರ್ಲಿ ಡಿಸಿಷನ್‌ನಲ್ಲಿ ಅಪ್ಲೈ ಮಾಡ್ತೀಯಾ ಅಂತ ಕೇಳ್ತಾರೆ. ಅದಕ್ಕೆ ಹೂಂ ಅಂದ್ರೆ ಸೀಟು ಸಿಕ್ಕ ಮೇಲೆ ಅಲ್ಲಿಗೇ ಸೇರಬೇಕು, ಹಾಗಾಗಿ ಆಟ ಇಲ್ಲದೇ ಹೋದ್ರೂ ಆ ಊರಲ್ಲಿ ನಾಲ್ಕು ವರ್ಷ ಖುಷಿಯಾಗಿ ಇರ್ತೀನಿ ಅನ್ನಿಸೋ ತನಕ ಹೂಂ ಅನ್ನಬೇಡ. ಕೋಚ್ ಬಾಯಿಮಾತು ಅಡ್ಮಿಷನ್ ಅಲ್ಲ ಅನ್ನೋದೂ ನೆನಪಿರಲಿ.

ಜುಲೈನಲ್ಲಿ ನೀನು ಎರಡು ಸಲ ಸ್ಟ್ರೈಕ್ ಔಟ್ ಆದ ಮ್ಯಾಚಲ್ಲಿ ಬೇಲಿ ಹತ್ರ ಒಬ್ಬರು ಕೋಚ್ ನಿಂತಿದ್ರು. ನೀನು ಡಗೌಟಿಗೆ ಹೋಗಿ ಹೆಲ್ಮೆಟ್ ಎಸೀಲಿಲ್ಲ, ಮಾಸ್ಕ್ ಹಾಕ್ಕೊಂಡು ನೇರ ಬಾಲ್ ಎಸೆಯೋ ಪಿಚರ್ ಹತ್ರ ಹೋಗಿ ಅವಳ ಭುಜ ತಟ್ಟಿದೆ, ಅಳ್ತಿದ್ದಳಲ್ಲ ಆ ಹುಡುಗಿ. ಅವರು ಆಗ ನೋಟ್‌ಬುಕ್ ತೆಗೆದು ಏನೋ ಬರ್ಕೊಂಡ್ರು. ಅವರಿಗೆ ನೀನು ಇನ್ನೂ ಬರೆದಿಲ್ಲ.

ಈಮೇಲಿನ ಪಾಸ್‌ವರ್ಡ್ ಇವತ್ತೇ ಬದಲಾಯಿಸ್ಕೋ, ನನಗೆ ಹೇಳಬೇಡ. ಶನಿವಾರದ ಕ್ಯಾಂಪಿಗೆ ಡ್ರೈವ್ ಮಾಡೋದು ನಾನೇ, ಅಮ್ಮ ಚಿತ್ರಾನ್ನ ಕಟ್ಕೊಡ್ತಾಳಂತೆ. ಬ್ಯಾಗ್ ನೀನೇ ಹೊತ್ಕೊಂಡು ಹೋಗು, ನಾನು ಕೋಚ್ ಹತ್ರ ಬರಲ್ಲ, ಬೇಲಿ ಆಚೆ ಕೂತಿರ್ತೀನಿ.

ಇಂತಿ,
ಅಪ್ಪ