ಮರದ ಗಾಯಗಳ ಅಧ್ಯಯನ: ಭಾನುವಾರದ ಮಾದರಿ ಸಂಗ್ರಹದ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ.

ಮರದ ಗಾಯಗಳಿಗೆ ತಗಲುವ ಶಿಲೀಂಧ್ರ ಮತ್ತು ಕೀಟಗಳ ಮಾದರಿ ಸಂಗ್ರಹವು ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಆರಂಭವಾಗಲಿದ್ದು, ಹೆಸರು ಕೊಟ್ಟಿರುವವರೆಲ್ಲರೂ ಸಮಯಕ್ಕೆ ಸರಿಯಾಗಿ ಬರಬೇಕೆಂದು ಕೋರುತ್ತೇನೆ.

ಕೊಂಬೆ ಕಡಿದ ಜಾಗದಲ್ಲಿ ಒಸರುವ ರಸದ ಹುಳಿ ವಾಸನೆಗೆ ಬರುವ ಪುಟ್ಟ ದುಂಬಿಗಳು, ಮೈಗೆ ಅಂಟಿದ ಶಿಲೀಂಧ್ರದ ಬೀಜಾಣುಗಳನ್ನು ಒಂದು ಮರದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಸೆರಟೊಸಿಸ್ಟಿಸ್‌ನಂತಹ ಶಿಲೀಂಧ್ರಗಳಿಗೆ ಹಸಿ ಗಾಯವೇ ಹೆಬ್ಬಾಗಿಲು. ಆದ್ದರಿಂದ ಹಳೆಯ ಪೊಟರೆಗಳಿಗಿಂತ ಮೊದಲು ಹೊಸ ಗಾಯಗಳನ್ನೇ ನೋಡೋಣ. ತೊಗಟೆಯ ಬಿರುಕಿನಲ್ಲಿ ಹಿಟ್ಟಿನಂತಹ ಮರದ ಹುಡಿ ಕಂಡರೆ ಒಳಗೆ ಕೊರಕ ಹುಳುವಿರಬಹುದು, ಅದನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ಸೋಂಕನ್ನು ನಾವೇ ಹರಡುವಂತಾಗಬಾರದು. ಪ್ರತಿ ಮರದ ನಂತರ ಚಾಕುವಿಗೆ ಅಂಟಿದ ಹುಡಿಯನ್ನು ತೆಗೆದು, 70% ಆಲ್ಕೋಹಾಲಿನಿಂದ ಒರೆಸಲೇಬೇಕು, ಇದರಲ್ಲಿ ವಿನಾಯಿತಿಯಿಲ್ಲ. ಗಾಯವನ್ನು ಅಗತ್ಯಕ್ಕಿಂತ ದೊಡ್ಡದು ಮಾಡಬೇಡಿ, ಏಕೆಂದರೆ ಅಮೆರಿಕದ ಮರರೋಗ ತಜ್ಞ ಅಲೆಕ್ಸ್ ಶಿಗೊ ಅವರು 1977ರಲ್ಲಿ ವಿವರಿಸಿದಂತೆ, ಮರವು ಕೊಳೆತ ಭಾಗವನ್ನು ಸರಿಪಡಿಸುವುದಿಲ್ಲ, ಅದರ ಸುತ್ತ ತಡೆಗೋಡೆ ಕಟ್ಟಿಕೊಳ್ಳುತ್ತದೆ. ನಮ್ಮ ಚಾಕು ಆ ಗೋಡೆಯನ್ನು ಒಡೆಯಬಾರದು.

ತೊಗಟೆಯ ಚೂರುಗಳನ್ನು ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೇರೆ ಬೂಷ್ಟು ಬೆಳೆಯುತ್ತದೆ. ಕೀಟಗಳಿಗೆ ಪ್ರತ್ಯೇಕ ಸೀಸೆಯಿರಲಿ.

ಬರುವವರು, ತಮ್ಮಲ್ಲಿ ಭೂತಗನ್ನಡಿ ಇದೆಯೇ ಎಂಬುದನ್ನೂ ಸೇರಿಸಿ, ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.